ಎಷ್ಟು ಸಲ ಮಿನುಗಿತು?

ಸ್ವಿಚ್ ಹಾಕಿದ ಕೂಡಲೇ ಬಣ್ಣದ ಗಾಜಿನ ಹಿಂದೆ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಅಂಕ ತೋರಿಸಬೇಕಾದ ಜಾಗ ಮಾತ್ರ ಕತ್ತಲೆ. ನಾಣ್ಯ ಹಾಕಿದರೂ ಗುಂಡು ಹೊರಬರುವುದಿಲ್ಲ, ಬಟನ್ ಒತ್ತಿದರೂ ಗುಂಡನ್ನು ಹೊಡೆಯುವ ಫ್ಲಿಪ್ಪರ್ ಅಲುಗುವುದಿಲ್ಲ. 1970ರ ದಶಕದ ಕೊನೆಯ ಪಿನ್‌ಬಾಲ್ ಯಂತ್ರವೊಂದನ್ನು ಕೊಂಡು ತಂದವರಿಗೆ ಮೊದಲ ದಿನವೇ ಇಂಥ ಸ್ಥಿತಿ ಎದುರಾಗುವುದು ಅಪರೂಪವಲ್ಲ. ಬಹಳ ಮಂದಿ ಯಂತ್ರ ಸತ್ತಿದೆ ಎಂದುಕೊಳ್ಳುತ್ತಾರೆ. ಅದು ಷಿಕಾಗೋದ ಬ್ಯಾಲಿ ಕಂಪನಿಯದ್ದಾದರೆ, ತನಗೇನಾಗಿದೆ ಎಂಬುದನ್ನು ಅಷ್ಟು ಹೊತ್ತಿಗಾಗಲೇ ಅದು ಹೇಳಿ ಮುಗಿಸಿರುತ್ತದೆ. ಕೇಳಿಸಿಕೊಳ್ಳಲು ಮೇಲಿನ ಪೆಟ್ಟಿಗೆಯ ಬಾಗಿಲು ತೆರೆದು, ಒಳಗಿನ ಬೋರ್ಡಿನ ಮೇಲಿರುವ ಪುಟ್ಟ ಎಲ್‌ಇಡಿ ದೀಪವನ್ನು ನೋಡಬೇಕು. ಅದು ಎಷ್ಟು ಸಲ ಮಿನುಗಿತು ಎಂದು ಎಣಿಸಬೇಕು.

ಬ್ಯಾಲಿ 1977ರಲ್ಲಿ ‘ಎಯ್ಟ್ ಬಾಲ್’ ಎಂಬ ಯಂತ್ರವನ್ನು ಹೊರತಂದಿತು. 20,000ಕ್ಕೂ ಹೆಚ್ಚು ಮಾರಾಟವಾದ ಆ ಯಂತ್ರದೊಳಗೆ ಮೊಟೊರೊಲಾದ 6800 ಪ್ರೊಸೆಸರ್ ಇತ್ತು. ಕರೆಂಟು ಬಂದೊಡನೆ ಪ್ರೊಸೆಸರ್ ತನ್ನ ಅಂಗಾಂಗಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ, ಒಂದು ಪರೀಕ್ಷೆ ಮುಗಿದಾಗ ಒಂದು ಸಲ ದೀಪ ಮಿನುಗಿಸುತ್ತದೆ. ಶುರುವಿನಲ್ಲಿ ಕ್ಷಣಮಾತ್ರದ ಒಂದು ಕಂಪನ: ಪ್ರೊಸೆಸರ್ ಎದ್ದು ಕೂತಿದೆ ಎಂದರ್ಥ. ಮೊದಲ ಮಿನುಗು ಬಂದರೆ ಆಟದ ಪ್ರೋಗ್ರಾಂ ಇರುವ ಸ್ಥಿರ ಸ್ಮೃತಿಯ ಚಿಪ್ಪುಗಳು ಸರಿಯಿವೆ. ಎರಡನೆಯದು ತಾತ್ಕಾಲಿಕ ಸ್ಮೃತಿಯ ಚಿಪ್ಪಿನದು. ಮೂರನೆಯದು ಬ್ಯಾಟರಿಯ ಬಲದಿಂದ ಲೆಕ್ಕಪತ್ರ ಕಾಯ್ದುಕೊಳ್ಳುವ ಇನ್ನೊಂದು ಸ್ಮೃತಿ ಚಿಪ್ಪಿನದು. ನಾಲ್ಕು ಮತ್ತು ಐದು, ಹೊರಗಿನ ಸ್ವಿಚ್ಚು, ದೀಪ, ಕಾಯಿಲ್‌ಗಳ (ಕರೆಂಟು ಹರಿದಾಗ ಎಳೆಯುವ ತಂತಿಸುರುಳಿಗಳ) ಜೊತೆ ವ್ಯವಹರಿಸುವ ಎರಡು ಚಿಪ್ಪುಗಳದು. ಆರನೆಯದು ಅಂಕಫಲಕಕ್ಕೆ ತಾಳ ಹಾಕುವ ಟೈಮರಿನದು. ಏಳನೆಯ ಮಿನುಗಿಗೆ ಮಾತ್ರ ಬೋರ್ಡಿನ ಆಚೆಗೆ ಸಂಬಂಧವಿದೆ. ಕಾಯಿಲ್‌ಗಳನ್ನು ನಡೆಸುವ 43 ವೋಲ್ಟ್ ಬರುತ್ತಿದೆಯೇ ಎಂದು ನೋಡಿಕೊಂಡ ಮೇಲಷ್ಟೇ ಅದು ಮಿನುಗುವುದು.

ಹೀಗಾಗಿ ಆರು ಮಿನುಗಿ ನಿಂತ ಯಂತ್ರದ ಬೋರ್ಡನ್ನು ಬಿಚ್ಚುವ ಮೊದಲು ಒಂದು ಫ್ಯೂಸು ಹೋಗಿದೆಯೇ ಎಂದು ನೋಡಬೇಕು. ಫ್ಯೂಸಿನಲ್ಲೋ ಕನೆಕ್ಟರಿನಲ್ಲೋ 43 ವೋಲ್ಟಿನ ದಾರಿ ಕಡಿದಿರುವ ಸಾಧ್ಯತೆಯೇ ಹೆಚ್ಚು. ಮಿನುಗು ಎಣಿಸದೆ ಚಿಪ್ಪುಗಳನ್ನು ಕಿತ್ತು, ಸಾಕೆಟ್ಟುಗಳ ಬೆಸುಗೆ ಬಿಡಿಸಿ, ಚೆನ್ನಾಗಿದ್ದ ಬೋರ್ಡಿನ ತಾಮ್ರದ ಗೆರೆಗಳನ್ನು ಎಬ್ಬಿಸಿ ಹಾಳುಮಾಡಿದ ಉದಾಹರಣೆಗಳು ಈ ಕಸುಬಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಹಳೆಯ ಪಿನ್‌ಬಾಲ್ ಯಂತ್ರಕ್ಕೆ ಕಾಲಕ್ಕಿಂತ ಹೆಚ್ಚು ಕೇಡು ಮಾಡಿರುವುದು ಅವಸರದ ರಿಪೇರಿ.

ಇಷ್ಟು ಮುಂದಾಲೋಚನೆ ಒಂದು ಆಟದ ಸಾಮಾನಿನಲ್ಲಿ ಯಾಕೆ ಬಂತು ಎಂಬುದಕ್ಕೆ ಅದರ ವ್ಯಾಪಾರದ ರೀತಿಯಲ್ಲೇ ಉತ್ತರವಿದೆ. ಅಮೆರಿಕದಲ್ಲಿ ಈ ಯಂತ್ರಗಳನ್ನು ಕೊಳ್ಳುತ್ತಿದ್ದವರು ಆಡುವವರಲ್ಲ, ‘ಆಪರೇಟರ್’ಗಳು. ಬಾರಿನಲ್ಲೋ ಬೌಲಿಂಗ್ ಅಂಗಳದಲ್ಲೋ ಯಂತ್ರ ಇಟ್ಟು, ಬಿದ್ದ ನಾಣ್ಯಗಳನ್ನು ಜಾಗದ ಮಾಲೀಕನೊಂದಿಗೆ ಹಂಚಿಕೊಳ್ಳುತ್ತಿದ್ದರು. ಶನಿವಾರ ರಾತ್ರಿ ಕೆಟ್ಟು ನಿಂತ ಯಂತ್ರವೆಂದರೆ ಆ ರಾತ್ರಿಯ ದುಡಿಮೆ ಹೋದಂತೆ. ಒಂದು ಮೀಟರು, ಒಂದು ಸ್ಕ್ರೂಡ್ರೈವರು ಹಿಡಿದು ಬಂದ ಮೆಕ್ಯಾನಿಕ್ ಅಲ್ಲೇ ದೋಷ ಹುಡುಕಿ ಸರಿಪಡಿಸುವಂತಿರಬೇಕು. ನಾಣ್ಯದ ಬಾಗಿಲ ಒಳಗೆ ಪರೀಕ್ಷೆಯ ಬಟನ್, ಆಟದ ಹಲಗೆಯನ್ನು ಎತ್ತಿ ನಿಲ್ಲಿಸಲು ಆಸರೆ, ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ವೈರಿಂಗ್ ನಕ್ಷೆ ಎಲ್ಲವೂ ಅವನಿಗಾಗಿ. ಇವತ್ತಿನ ಎಷ್ಟೋ ಮನೆಬಳಕೆಯ ಸಾಮಾನುಗಳಲ್ಲಿ ಈ ಗೌರವ ಸಿಗುವುದಿಲ್ಲ.

ಮೊದಮೊದಲು ಪಿನ್‌ಬಾಲ್‌ಗೆ ಕರೆಂಟೇ ಇರಲಿಲ್ಲ. 1931ರಲ್ಲಿ ಗಾಟ್ಲೀಬ್ ಕಂಪನಿ ತಂದ ‘ಬ್ಯಾಫಲ್ ಬಾಲ್’ ಓರೆ ಹಲಗೆ, ಮೊಳೆ, ಗುಂಡುಗಳ ಆಟ ಅಷ್ಟೆ. 1933ರಲ್ಲಿ ಹ್ಯಾರಿ ವಿಲಿಯಮ್ಸ್ ‘ಕಾಂಟ್ಯಾಕ್ಟ್’ ಎಂಬ ಯಂತ್ರದಲ್ಲಿ ಬ್ಯಾಟರಿಯಿಂದ ನಡೆಯುವ ಕಾಯಿಲ್ ಜೋಡಿಸಿದ. ಗುಂಡು ಕುಳಿಯಲ್ಲಿ ಬಿದ್ದರೆ ಯಂತ್ರವೇ ಅದನ್ನು ಹೊರಗೆ ಎಸೆಯುತ್ತಿತ್ತು. ಆಟಗಾರನ ಕೈಗೆ ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್‌ನ ‘ಹಂಪ್ಟಿ ಡಂಪ್ಟಿ’ಯಲ್ಲಿ. ಅಲ್ಲಿಂದ ಮೂವತ್ತು ವರ್ಷ ಯಂತ್ರದ ತುಂಬ ರಿಲೇಗಳು (ಕಾಯಿಲ್ ಎಳೆತದಿಂದ ನಡೆಯುವ ಸ್ವಿಚ್ಚುಗಳು), ಅಂಕಚಕ್ರಗಳು, ಒಂದು ಮೋಟಾರು, ಮತ್ತು ನೂರಾರು ಕಾಂಟ್ಯಾಕ್ಟುಗಳು. ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಇಂಥವನ್ನು ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರಗಳೆನ್ನುತ್ತಾರೆ.

ಇವುಗಳಲ್ಲಿ ದೋಷ ಹುಡುಕುವ ಕೆಲಸ ಕಣ್ಣಿಗಿಂತ ಮೊದಲು ಕಿವಿಯಿಂದ ಶುರುವಾಗುತ್ತದೆ. ಹಲಗೆಯ ಕೆಳಗಿನ ಮೋಟಾರು ತಿರುಗುತ್ತ ಅದರ ಮೇಲಿನ ಹಲ್ಲುಗಳು ಕಾಂಟ್ಯಾಕ್ಟುಗಳನ್ನು ಒಂದಾದಮೇಲೊಂದು ಮುಚ್ಚಿ ಬಿಡಿಸುತ್ತವೆ. ಐವತ್ತು ಅಂಕ ಬರಬೇಕಾದರೆ ಹತ್ತರ ಚಕ್ರಕ್ಕೆ ಐದು ಏಟು ಕೊಡುವುದು ಈ ಮೋಟಾರೇ. ಹೊಸ ಆಟ ಶುರುವಾಗುವಾಗ ಹಳೆಯ ಅಂಕವನ್ನು ಸೊನ್ನೆಗೆ ತರುವುದೂ ಇದೇ. ಒಂದೊಂದು ಅಂಕಚಕ್ರದಲ್ಲೂ ಸೊನ್ನೆ ಬಂದಾಗ ಸ್ಥಿತಿ ಬದಲಿಸುವ ಒಂದು ಸ್ವಿಚ್ಚಿರುತ್ತದೆ. ಎಲ್ಲ ಚಕ್ರಗಳೂ ಸೊನ್ನೆ ಮುಟ್ಟಿದವೆಂದು ಆ ಸ್ವಿಚ್ಚುಗಳು ತಿಳಿಸುವವರೆಗೂ ಮೋಟಾರು ತಿರುಗುತ್ತಲೇ ಇರುತ್ತದೆ.

ಹಳೆಯ ಯಂತ್ರಗಳ ಬಹು ಪ್ರಸಿದ್ಧ ಕಾಯಿಲೆ ಹುಟ್ಟುವುದು ಇಲ್ಲಿಯೇ. ಆಟ ಶುರು ಮಾಡಿದರೆ ಮೋಟಾರು ನಿಲ್ಲದೆ ಗರಗರ ತಿರುಗುತ್ತದೆ, ಗುಂಡು ಬರುವುದಿಲ್ಲ. ಕೆಟ್ಟಿದ್ದು ಮೋಟಾರಲ್ಲ. ಯಾವುದೋ ಒಂದು ಚಕ್ರದ ಸೊನ್ನೆ ಸ್ವಿಚ್ಚಿನ ಮೇಲೆ ಕಿಲುಬು ಕೂತಿದೆ, ಇಲ್ಲವೇ ಹಳೆಯ ಎಣ್ಣೆ ಅಂಟಾಗಿ ಚಕ್ರವೇ ಸೊನ್ನೆಗೆ ಬರುತ್ತಿಲ್ಲ. ಗಾಜು ತೆಗೆದು ಅಂಕಗಳನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಎಲ್ಲವೂ ಸೊನ್ನೆ ತೋರಿಸುತ್ತ ಒಂದು ಮಾತ್ರ ಏಳರಲ್ಲೋ ಎಂಟರಲ್ಲೋ ನಿಂತಿದ್ದರೆ ಆ ಚಕ್ರವನ್ನು ಹಿಡಿಯಬೇಕು. ಎಲ್ಲವೂ ಸೊನ್ನೆಯಲ್ಲಿದ್ದು ಒಂದು ಮಾತ್ರ ಸೊನ್ನೆ ದಾಟಿ ಮತ್ತೆ ಮತ್ತೆ ಸುತ್ತು ಹೊಡೆಯುತ್ತಿದ್ದರೆ ಅದರ ಸ್ವಿಚ್ಚನ್ನು ಹಿಡಿಯಬೇಕು.

ನಕ್ಷೆ ಓದಲು ಬರದೆ ಈ ಯಂತ್ರಗಳ ಹತ್ತಿರ ಹೋಗುವುದು ವ್ಯರ್ಥ. ಓದುವ ಕ್ರಮ ಮಾತ್ರ ಕಷ್ಟದ್ದಲ್ಲ. ಎಳೆಯಬೇಕಾದ ರಿಲೇ ಎಳೆಯುತ್ತಿಲ್ಲ ಎಂದಾದರೆ ನಕ್ಷೆಯಲ್ಲಿ ಆ ರಿಲೇಯ ಕಾಯಿಲನ್ನು ಹುಡುಕಿ, ಅಲ್ಲಿಂದ ಹಿಂದಕ್ಕೆ ಟ್ರಾನ್ಸ್‌ಫಾರ್ಮರಿನವರೆಗೆ ದಾರಿಯಲ್ಲಿರುವ ಸ್ವಿಚ್ಚುಗಳನ್ನು ಪಟ್ಟಿ ಮಾಡಬೇಕು. ನಾಲ್ಕೋ ಐದೋ ಇರುತ್ತವೆ. ಎರಡು ತುದಿಗೆ ಕ್ಲಿಪ್ ಇರುವ ಒಂದು ವೈರನ್ನು ಒಂದೊಂದು ಸ್ವಿಚ್ಚಿನ ಎರಡೂ ಕಡೆಗೆ ಸೇರಿಸುತ್ತ ಹೋದರೆ, ಯಾವುದನ್ನು ದಾಟಿದಾಗ ರಿಲೇ ಟಕ್ಕೆಂದು ಎಳೆಯುತ್ತದೋ ಅದೇ ತಪ್ಪಿತಸ್ಥ. ವೈರು ಸೇರಿಸುವ ಜಾಗ ಸರಿಯಾಗಿರಬೇಕು. ಕಾಯಿಲ್‌ನ ಎರಡು ತುದಿಗಳ ನಡುವೆಯೇ ಸೇರಿಸಿಬಿಟ್ಟರೆ ನೇರ ಶಾರ್ಟ್.

ಕಾಂಟ್ಯಾಕ್ಟು ಶುಚಿ ಮಾಡುವುದರಲ್ಲೂ ಒಂದು ಭೇದವಿದೆ, ಅದನ್ನು ತಿಳಿಯದೆ ಹಾಳಾದ ಯಂತ್ರಗಳು ಬಹಳ. ರಿಲೇ ಯುಗದ ಯಂತ್ರಗಳಲ್ಲಿ ಕಾಂಟ್ಯಾಕ್ಟುಗಳ ಮೇಲೆ 25ರಿಂದ 50 ವೋಲ್ಟಿನಷ್ಟು ಒತ್ತಡ, ಕಿಡಿ ಹಾರುವಷ್ಟು ಕರೆಂಟು ಇರುತ್ತದೆ. ಅಲ್ಲಿ ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿ ಕಪ್ಪು ತೆಗೆಯಬಹುದು. 1977ರ ನಂತರದ ಯಂತ್ರಗಳಲ್ಲಿ ಆಟದ ಹಲಗೆಯ ಸ್ವಿಚ್ಚುಗಳು ಪ್ರೊಸೆಸರಿಗೆ ಸುದ್ದಿ ಮುಟ್ಟಿಸುವಂಥವು. ವೋಲ್ಟೇಜು ತೀರಾ ಕಡಿಮೆ, ಹಾಗಾಗಿ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅರ ಹಾಕಿದರೆ ಚಿನ್ನ ಹೋಯಿತು, ಮುಂದಿನ ಮಳೆಗಾಲದ ಹೊತ್ತಿಗೆ ಮತ್ತೆ ಕಿಲುಬು. ದಪ್ಪ ಕಾಗದದ ತುಂಡನ್ನು ನಡುವೆ ಇಟ್ಟು, ಮೆಲ್ಲಗೆ ಅದುಮಿ ಎಳೆದರೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಎರಡರಲ್ಲೂ ನಿಷಿದ್ಧ. ಅದು ಹೊತ್ತಿಕೊಳ್ಳುವ ದ್ರವ, ರಿಲೇ ಕಾಂಟ್ಯಾಕ್ಟುಗಳಲ್ಲಿ ಕಿಡಿಯಿದೆ, ಸುತ್ತಲೂ ಒಣಮರ.

ಫ್ಲಿಪ್ಪರಿನ ಕಾಯಿಲ್ ಇಡೀ ಯಂತ್ರದಲ್ಲಿ ಹೆಚ್ಚು ದುಡಿಯುವ ಭಾಗ. 80 ಗ್ರಾಂ ತೂಕದ ಉಕ್ಕಿನ ಗುಂಡನ್ನು ಹಲಗೆಯ ತುತ್ತತುದಿಗೆ ಅಟ್ಟಲು ಒಂದು ಕ್ಷಣ ಬಹಳ ಬಲ ಬೇಕು. ಆಮೇಲೆ ಆಟಗಾರ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಫ್ಲಿಪ್ಪರ್ ಎದ್ದೇ ಇರಬೇಕು, ಆದರೆ ಕಾಯಿಲ್ ಸುಡಬಾರದು. ಇದಕ್ಕಾಗಿ ಒಂದೇ ಬಾಬಿನ್ ಮೇಲೆ ಎರಡು ವೈಂಡಿಂಗ್. ಬ್ಯಾಲಿಯ ಒಂದು ಫ್ಲಿಪ್ಪರ್ ಕಾಯಿಲ್‌ನ ಸಂಖ್ಯೆಯಲ್ಲೇ ಇದರ ವಿವರವಿದೆ: 25-500/34-4500. ಅಂದರೆ 25 ಗೇಜಿನ ದಪ್ಪ ತಂತಿ 500 ಸುತ್ತು, 34 ಗೇಜಿನ ಸಣ್ಣ ತಂತಿ 4500 ಸುತ್ತು. ದಪ್ಪ ತಂತಿ ಹೊಡೆತಕ್ಕೆ, ಸಣ್ಣ ತಂತಿ ಹಿಡಿತಕ್ಕೆ. ಫ್ಲಿಪ್ಪರ್ ಮೇಲೇರಿದ ಕೊನೆಯ ಘಳಿಗೆಯಲ್ಲಿ ಅದರ ತೋಳು ಒಂದು ಸ್ವಿಚ್ಚನ್ನು ತಳ್ಳಿ ಬಿಡಿಸುತ್ತದೆ, ಕರೆಂಟು ಸಣ್ಣ ತಂತಿಯ ಮೂಲಕವೇ ಹೋಗಬೇಕಾಗುತ್ತದೆ.

ಈ ಒಂದು ಸ್ವಿಚ್ಚು ತಿಳಿದರೆ ಫ್ಲಿಪ್ಪರಿನ ಮುಕ್ಕಾಲು ದೂರು ಪರಿಹಾರವಾಯಿತು. ಸ್ವಿಚ್ಚಿನ ಬಾಯಿ ಕರಕಲಾಗಿ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ದಪ್ಪ ತಂತಿಗೆ ಕರೆಂಟು ಸಿಗದು, ಫ್ಲಿಪ್ಪರ್ ಸೋತಂತೆ ಏಳುತ್ತದೆ. ಮುಚ್ಚಿದ್ದು ಬಿಡಿಸಿಕೊಳ್ಳದೇ ಹೋದರೆ ದಪ್ಪ ತಂತಿಯಲ್ಲೇ ಕರೆಂಟು ಹರಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ವಾರ್ನಿಷ್ ಸುಟ್ಟ ವಾಸನೆ. ಎದ್ದು ನಿಲ್ಲದೆ ಪಟಪಟ ಬಡಿದುಕೊಳ್ಳುತ್ತಿದ್ದರೆ ಸಣ್ಣ ತಂತಿ ಎಲ್ಲೋ ತುಂಡಾಗಿದೆ. ಸಾಮಾನ್ಯವಾಗಿ ಬೆಸುಗೆ ಹಾಕಿದ ಲಗ್ಗಿನ ಬುಡದಲ್ಲಿ.

ಬಟನ್ ಮುಟ್ಟದೆಯೇ ಯಾವುದಾದರೂ ಕಾಯಿಲ್ ಎಳೆದು ಹಾಗೇ ನಿಂತರೆ ತಕ್ಷಣ ಸ್ವಿಚ್ ಆರಿಸಬೇಕು. ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಒಂದೊಂದು ಕಾಯಿಲ್‌ಗೂ ಒಂದು ಟ್ರಾನ್ಸಿಸ್ಟರು ಕಾವಲು. ಅದು ಶಾರ್ಟ್ ಆದರೆ ಕಾಯಿಲ್‌ಗೆ ಬಿಡುವಿಲ್ಲ. ಆದರೆ ಟ್ರಾನ್ಸಿಸ್ಟರು ತಾನಾಗಿ ಸಾಯುವುದು ಕಡಿಮೆ. ಕಾಯಿಲ್‌ನಲ್ಲಿ ಕರೆಂಟು ಥಟ್ಟನೆ ನಿಂತಾಗ ಹಿಮ್ಮುಖವಾಗಿ ನೂರಾರು ವೋಲ್ಟಿನ ಏಟು ಹುಟ್ಟುತ್ತದೆ. ಅದನ್ನು ನುಂಗಲು ಕಾಯಿಲ್‌ನ ಎರಡು ಲಗ್ಗುಗಳ ನಡುವೆ ಒಂದು ಡಯೋಡು ಇಟ್ಟಿರುತ್ತಾರೆ. ಕಾಯಿಲ್ ಬಡಿತದ ಅಲುಗಾಟಕ್ಕೆ ಆ ಡಯೋಡಿನ ಕಾಲು ಮುರಿದರೆ ಏಟು ನೇರವಾಗಿ ಟ್ರಾನ್ಸಿಸ್ಟರಿಗೆ. ಡಯೋಡು ನೋಡದೆ ಹೊಸ ಟ್ರಾನ್ಸಿಸ್ಟರು ಹಾಕಿದವರು ವಾರ ಕಳೆಯುವುದರೊಳಗೆ ಮತ್ತೊಂದನ್ನು ಹಾಕಬೇಕಾಗುತ್ತದೆ. ಮೊದಲಿನ ಅವಘಡದಲ್ಲಿ ಕಾಯಿಲ್‌ನ ಒಳಗಿನ ವಾರ್ನಿಷ್ ಸುಟ್ಟಿದ್ದರೆ ಅದರ ರೆಸಿಸ್ಟೆನ್ಸ್ ಇಳಿದಿರುತ್ತದೆ, ಅದೂ ಹೊಸ ಟ್ರಾನ್ಸಿಸ್ಟರನ್ನು ಕೊಲ್ಲುತ್ತದೆ. ಮೂರನ್ನೂ ಒಟ್ಟಿಗೆ ಅಳೆಯಬೇಕು.

ಇನ್ನು ಕೆಲವು ದೋಷಗಳು ಭೂತಚೇಷ್ಟೆಯಂತೆ ಕಾಣುತ್ತವೆ. ಗುಂಡು ಎಡಗಡೆಯ ಗುರಿಗೆ ಬಡಿದರೆ ಬಲಗಡೆಯ ಅಂಕ ಬರುತ್ತದೆ. ಇದಕ್ಕೆ ಕಾರಣ ಸ್ವಿಚ್ಚುಗಳ ಜಾಲದಲ್ಲಿದೆ. ನಲವತ್ತು ಸ್ವಿಚ್ಚಿಗೆ ನಲವತ್ತು ವೈರು ಎಳೆಯುವ ಬದಲು ಬ್ಯಾಲಿ ಐದು ಸಾಲು, ಎಂಟು ಕಂಬಗಳ ಜಾಲ ಮಾಡಿತು. ವಿಲಿಯಮ್ಸ್ ಕಂಪನಿಯದು ಎಂಟಕ್ಕೆ ಎಂಟು, ಒಟ್ಟು 64. ಸಿನಿಮಾ ಟಾಕೀಸಿನಲ್ಲಿ ಸಾಲು ಮತ್ತು ಸೀಟಿನ ಸಂಖ್ಯೆಯಿಂದ ಕುರ್ಚಿ ಗುರುತಿಸುವಂತೆ ಪ್ರೊಸೆಸರ್ ಸ್ವಿಚ್ಚನ್ನು ಗುರುತಿಸುತ್ತದೆ. ಕರೆಂಟು ಅಡ್ಡದಾರಿ ಹಿಡಿದು ಬೇರೊಂದು ಸಾಲಿಗೆ ನುಗ್ಗದಂತೆ ಒಂದೊಂದು ಸ್ವಿಚ್ಚಿಗೂ ಒಂದು ಡಯೋಡು. ಅದು ಶಾರ್ಟ್ ಆಯಿತೆನ್ನಿ. ಜಾಲದಲ್ಲಿ ಚೌಕದ ಮೂರು ಮೂಲೆಗಳ ಸ್ವಿಚ್ಚುಗಳು ಒಟ್ಟಿಗೆ ಮುಚ್ಚಿದಾಗ ಯಾರೂ ಮುಟ್ಟದ ನಾಲ್ಕನೆಯ ಮೂಲೆಯೂ ಮುಚ್ಚಿದಂತೆ ಪ್ರೊಸೆಸರಿಗೆ ತೋರಬಹುದು. ಇದನ್ನು ಹಿಡಿಯಲು ಯಂತ್ರವನ್ನು ಪರೀಕ್ಷಾ ಸ್ಥಿತಿಗೆ ತಂದು, ಗುಂಡುಗಳನ್ನೆಲ್ಲ ತೆಗೆದು, ಸ್ವಿಚ್ಚುಗಳನ್ನು ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಬೇಕು. ಮುಚ್ಚಿಕೊಂಡೇ ಇರುವ ಸ್ವಿಚ್ಚಿನ ಸಂಖ್ಯೆಯನ್ನು ಬ್ಯಾಲಿ ಯಂತ್ರ ತಾನೇ ಅಂಕಫಲಕದ ಮೇಲೆ ತೋರಿಸುತ್ತದೆ.

ಎಲೆಕ್ಟ್ರಾನಿಕ್ ಯಂತ್ರಗಳ ಅತಿ ದೊಡ್ಡ ಶತ್ರು ಅವುಗಳ ಹೊಟ್ಟೆಯಲ್ಲೇ ಇತ್ತು. ಆಪರೇಟರಿಗೆ ಬೇಕಾದ ಲೆಕ್ಕ, ಆಟಗಾರರಿಗೆ ಬೇಕಾದ ಗರಿಷ್ಠ ಅಂಕ ಉಳಿಯಲೆಂದು ಬ್ಯಾಲಿಯ ಬೋರ್ಡಿಗೆ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೆಸೆದಿದ್ದರು. ಹತ್ತಾರು ವರ್ಷ ಗೋದಾಮಿನಲ್ಲಿ ಬಿದ್ದ ಯಂತ್ರದಲ್ಲಿ ಅದು ಸೋರುತ್ತದೆ. ಸೋರುವುದು ಆಮ್ಲವಲ್ಲ, ಕ್ಷಾರ. ತಾಮ್ರದ ಗೆರೆಗಳ ಮೇಲೆ ಹಸಿರು ಕಟ್ಟಿ, ಹಸಿರು ಲೇಪದ ಒಳಗೊಳಗೇ ತೆವಳಿ, ಸಾಕೆಟ್ಟಿನ ಕಾಲುಗಳನ್ನು ಕಪ್ಪಾಗಿಸುತ್ತದೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಸ್ವಿಚ್ ಹಾಕಿದಾಗ ಎಲ್‌ಇಡಿ ಒಮ್ಮೆಯೂ ಮಿನುಗದೆ ಸುಮ್ಮನೆ ಹೊತ್ತಿಕೊಂಡೇ ಇದ್ದರೆ ಮೊದಲ ಸಂಶಯ ಇದರ ಮೇಲೆ. ಬ್ಯಾಟರಿ ಕತ್ತರಿಸಿ ತೆಗೆದು, ಕೆಟ್ಟ ಭಾಗ ಕೆರೆದು, ವಿನಿಗರ್ ಬೆರೆಸಿದ ನೀರಿನಿಂದ ಕ್ಷಾರ ಸತ್ತುಹೋಗುವಂತೆ ತೊಳೆದು, ಮತ್ತೆ ಬರಿನೀರು, ಆಮೇಲೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಬೇಕು. ಹೊಸ ಬ್ಯಾಟರಿಯನ್ನು ಅದೇ ಜಾಗದಲ್ಲಿ ಬೆಸೆಯುವುದು ಮುಂದಿನ ಪೀಳಿಗೆಗೆ ಮಾಡುವ ಅನ್ಯಾಯ. ವೈರು ಎಳೆದು ಬೋರ್ಡಿನಿಂದ ದೂರ ಇಡಬೇಕು.

ಹದಿನೈದು ವರ್ಷ ಮುಂದಕ್ಕೆ ಬಂದರೆ, 1992ರ ‘ದಿ ಆಡಮ್ಸ್ ಫ್ಯಾಮಿಲಿ’. ಪ್ಯಾಟ್ ಲಾಲರ್ ವಿನ್ಯಾಸ ಮಾಡಿದ ಈ ಯಂತ್ರ 20,270 ಮಾರಾಟವಾಯಿತು. ಆ ಕಾಲದ ಬ್ಯಾಲಿ ಮತ್ತು ವಿಲಿಯಮ್ಸ್ ಯಂತ್ರಗಳಿಗೆ ಬರುವ ಒಂದು ತೊಂದರೆ ಆಟಗಾರನ ಹೊಟ್ಟೆ ಉರಿಸುವಂಥದ್ದು. ಆಟ ರಂಗೇರಿದಾಗ ಎರಡೂ ಫ್ಲಿಪ್ಪರ್ ಒಟ್ಟಿಗೆ ಒತ್ತಿದರೆ ಯಂತ್ರ ಆರಿ ಹೊಸದಾಗಿ ಶುರುವಾಗಿಬಿಡುತ್ತದೆ. ಪ್ರೊಸೆಸರಿಗೆ 5 ವೋಲ್ಟ್ ಬೇಕು. ಅದು ಸುಮಾರು 4.6ಕ್ಕೆ ಇಳಿದರೆ, ಅರೆಬರೆ ಬುದ್ಧಿಯಲ್ಲಿ ಕೆಲಸ ಮಾಡದಿರಲಿ ಎಂದು ಕಾವಲಿನ ಚಿಪ್ಪೊಂದು ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ. ಫ್ಲಿಪ್ಪರುಗಳಿಗೂ ಪ್ರೊಸೆಸರಿಗೂ ಕರೆಂಟು ಬರುವುದು ಒಂದೇ ಟ್ರಾನ್ಸ್‌ಫಾರ್ಮರಿನಿಂದ. ಎರಡು ಫ್ಲಿಪ್ಪರುಗಳು ಒಮ್ಮೆಗೇ ಎಳೆದಾಗ 5 ವೋಲ್ಟಿನ ದಾರಿಯಲ್ಲಿ ಮೊದಲೇ ಎಲ್ಲೋ ಸೋರಿಕೆಯಿದ್ದರೆ ಆ ಗೆರೆ ದಾಟುತ್ತದೆ. ಬ್ರಿಡ್ಜ್ ರೆಕ್ಟಿಫೈಯರ್ ಸೊರಗಿರಬಹುದು, 15,000 ಮೈಕ್ರೋಫ್ಯಾರಡ್‌ನ ದೊಡ್ಡ ಕೆಪಾಸಿಟರ್ ಒಣಗಿರಬಹುದು, ಅದರ ಕಾಲಿನ ಬುಡದಲ್ಲಿ ಬೆಸುಗೆ ಬಿರುಕು ಬಿಟ್ಟಿರಬಹುದು, ಕನೆಕ್ಟರಿನ ಪಿನ್ನು ಸಡಿಲಾಗಿರಬಹುದು, ಗೋಡೆಯ ಪ್ಲಗ್ಗಿನಲ್ಲೇ ವೋಲ್ಟೇಜು ಕಡಿಮೆಯಿರಬಹುದು. ಮೀಟರಿನ ಒಂದು ಮೊನೆಯನ್ನು ಕೆಪಾಸಿಟರಿನ ಮೇಲೆ, ಮತ್ತೆ ಪ್ರೊಸೆಸರಿನ ಬಳಿ ಇಟ್ಟು ಎಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂದು ಬರೆದುಕೊಳ್ಳುತ್ತ ಹೋದರೆ ಜಾಗ ಸಿಗುತ್ತದೆ. ಭಾಗಗಳನ್ನೆಲ್ಲ ಕೊಂಡು ತಂದು ಬದಲಿಸುವವರಿಗಿಂತ ಅಳೆಯುವವರೇ ಬೇಗ ಮುಗಿಸುತ್ತಾರೆ.

ಸಡಿಲ ಪಿನ್ನಿನ ಮಾತು ಬಂದದ್ದರಿಂದ ದೀಪಗಳ ಲೆಕ್ಕ ಹೇಳಲೇಬೇಕು. ಈ ಯಂತ್ರಗಳ 6.3 ವೋಲ್ಟಿನ ಬಲ್ಬುಗಳಲ್ಲಿ ಎರಡು ಬಗೆ: 44ನೆಯ ಸಂಖ್ಯೆಯದು 250 ಮಿಲಿ ಆಂಪಿಯರ್ ಎಳೆದರೆ 47ನೆಯದು 150. ನಲವತ್ತು ಬಲ್ಬಿಗೆ ಮೊದಲನೆಯದರಲ್ಲಿ 10 ಆಂಪಿಯರ್, ಎರಡನೆಯದರಲ್ಲಿ 6. ಅಷ್ಟು ಕರೆಂಟು ಕೆಲವೇ ಪಿನ್ನುಗಳ ಮೂಲಕ ಹರಿದು ಹರಿದು ಪ್ಲಾಸ್ಟಿಕ್ ಕಂದಾಗಿ, ಕಡೆಗೆ ಕರಕಲಾಗುತ್ತದೆ. ದೀಪಗಳ ಒಂದು ಗುಂಪು ಮಿಣಮಿಣ ಎಂದರೆ ಬಲ್ಬು ಬದಲಿಸುವ ಮೊದಲು ಆ ಕನೆಕ್ಟರ್ ಕಳಚಿ ನೋಡಬೇಕು. ಸುಟ್ಟಿದ್ದರೆ ಗಂಡು ಹೆಣ್ಣು ಎರಡೂ ತುದಿ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದರ ಬಿಸಿ ಹೊಸದನ್ನೂ ಸುಡುತ್ತದೆ.

ಫ್ಯೂಸಿನ ವಿಷಯದಲ್ಲಿ ರಿಯಾಯಿತಿಯಿಲ್ಲ. ಹಳೆಯ ಯಂತ್ರ ಕೊಂಡ ದಿನವೇ, ಸ್ವಿಚ್ ಹಾಕುವ ಮೊದಲೇ, ಎಲ್ಲ ಫ್ಯೂಸುಗಳನ್ನೂ ಕಿತ್ತು ಮೇಲಿನ ಸಂಖ್ಯೆಯನ್ನು ನಕ್ಷೆಯ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಪದೇಪದೇ ಹೋಗುವ ಫ್ಯೂಸಿಗೆ ಬೇಸತ್ತ ಯಾರೋ ದೊಡ್ಡದನ್ನು ಹಾಕಿರುತ್ತಾರೆ, ಇಲ್ಲವೇ ಬೆಳ್ಳಿ ಕಾಗದ ಸುತ್ತಿರುತ್ತಾರೆ. ಎಷ್ಟೋ ಪೆಟ್ಟಿಗೆಗಳ ಒಳಗೋಡೆಯ ಮಸಿಗೆ ಇದೇ ಕಾರಣ. ಮೂರನೆಯ ಅರ್ತ್ ಪಿನ್ ಕತ್ತರಿಸಿದ ಪ್ಲಗ್ಗುಗಳೂ ಸಿಗುತ್ತವೆ. ಬ್ಯಾಲಿಯ 1970ರ ದಶಕದ ಕೊನೆಯ ಅಂಕಫಲಕಗಳಿಗೆ 170ರಿಂದ 190 ವೋಲ್ಟ್ ಡಿಸಿ ಬೇಕು, ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರಿನಲ್ಲಿ ಉಳಿದಿರಬಹುದು. ಅಮೆರಿಕದಿಂದ ಬೆಂಗಳೂರಿಗೋ ಮಂಗಳೂರಿಗೋ ಯಂತ್ರ ಸಾಗಿಸಿಕೊಂಡು ಬಂದವರು ಇನ್ನೊಂದನ್ನು ನೋಡಬೇಕು. ಅಲ್ಲಿಯ ಮನೆಗಳ ಕರೆಂಟು 120 ವೋಲ್ಟ್, ಇಲ್ಲಿಯದು 230. ಅನೇಕ ಟ್ರಾನ್ಸ್‌ಫಾರ್ಮರುಗಳಲ್ಲಿ ತಂತಿಯ ಜೋಡಣೆ ಬದಲಿಸಿ ಎರಡಕ್ಕೂ ಒಗ್ಗಿಸಬಹುದು, ನಕ್ಷೆಯಲ್ಲಿ ಅದರ ಚಿತ್ರವಿರುತ್ತದೆ. ನೋಡದೆ ಪ್ಲಗ್ ಹಾಕಿದರೆ ಮೊದಲ ಸ್ವಿಚ್ಚೇ ಕಡೆಯ ಸ್ವಿಚ್ಚು.

ಕಾಡುವ ದೋಷವೆಂದರೆ ಆಗೊಮ್ಮೆ ಈಗೊಮ್ಮೆ ಬರುವಂಥದ್ದು. ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿರುವ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂ, ಲಾಸ್ ವೇಗಸ್‌ನ ಪಿನ್‌ಬಾಲ್ ಹಾಲ್ ಆಫ್ ಫೇಮ್‌ಗಳಂಥ ಜಾಗಗಳಲ್ಲಿ ಯಂತ್ರಗಳನ್ನು ಕಟಕಟೆಯ ಆಚೆ ಇಟ್ಟಿಲ್ಲ. ಬಂದವರು ಆಡುತ್ತಾರೆ, ದಿನವಿಡೀ. ಅಂಥ ಕಡೆ ದುಡಿಯುವ ಯಂತ್ರ ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯೇರಿದಾಗ ಕೈಕೊಡಬಹುದು. ಬೆಸುಗೆಯ ಬಿರುಕೊಂದು ಬಿಸಿಗೆ ಹಿಗ್ಗಿ ಬಾಯಿ ತೆರೆದಿರುತ್ತದೆ. ಇದನ್ನು ಹಿಡಿಯಲು ಯಂತ್ರವನ್ನು ಒಂದು ಗಂಟೆ ಓಡಲು ಬಿಟ್ಟು, ದೋಷ ಕಾಣಿಸಿಕೊಂಡಾಗ ಆರಿಸದೆ, ಒಣ ಮರದ ಕಡ್ಡಿಯಿಂದ ಕನೆಕ್ಟರುಗಳನ್ನೂ ಬೋರ್ಡಿನ ಅಂಚುಗಳನ್ನೂ ಒಂದೊಂದಾಗಿ ಮೆಲ್ಲಗೆ ತಟ್ಟುತ್ತ ಬರಬೇಕು. ಯಾವ ತಟ್ಟಿಗೆ ಯಂತ್ರ ಎಚ್ಚರಗೊಂಡಿತೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಪ್ಲಗ್ ಕಿತ್ತು, ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಾಣುತ್ತದೆ. ಹಳೆಯ ಸೀಸವನ್ನು ಹೀರಿ ತೆಗೆದು ಹೊಸದಾಗಿ ಬೆಸೆದ ಮೇಲೆ ಮತ್ತೊಂದು ಗಂಟೆ ಓಡಿಸಿ ನೋಡಬೇಕು, ಈ ಸಲ ಗುಂಡು ಹಾಕಿ, ಎರಡೂ ಫ್ಲಿಪ್ಪರ್ ಬಿಡದೆ ಒತ್ತುತ್ತ.